ಶಾಲು ಹೊದ್ದು ಬಂದ ಲಾವಂಚ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಸ್ಯ ಪರೀಕ್ಷಾಲಯದ ಹಿಂಬದಿ ಕೋಣೆಯಲ್ಲಿ ಭಟ್ಟಿಯಕ್ಕ ಆಗಲೇ ಹೀಟರ್ ಹಾಕಿದ್ದಾರೆ. ಹೆಸರು ಕೇಳಿ ಹುಬ್ಬೇರಿಸಬೇಡಿ, ಇವರು ಇಳಿಸುವುದು ಗಿಡಮೂಲಿಕೆಗಳ ಎಣ್ಣೆಯನ್ನು ಮಾತ್ರ! ದುಂಡನೆಯ ಗಾಜಿನ ಪಾತ್ರೆಗೆ ಕತ್ತರಿಸಿದ ಲಾವಂಚದ ಬೇರು ತುಂಬಿ, ನೀರು ಸುರಿದು, ಮೇಲೆ ಗಾಜಿನ ಕೊಳವೆ ಜೋಡಿಸುತ್ತಾರೆ. "ಇನ್ನು ಸಂಜೆವರೆಗೂ ಇದರ ಮುಂದೆ ಕಾವಲು ನಾನೇ. ಸ್ವಲ್ಪ ಕಣ್ಣು ತಪ್ಪಿದ್ರೂ ಉಕ್ಕಿ ಮಾನ ಕಳೆಯುತ್ತೆ," ಎಂದು ಇವತ್ತು ಇವರ ಕೆಲಸ ನೋಡಲು ಬಂದಿರುವ ನನಗೆ ಹೇಳುತ್ತಾರೆ.

ಮಾರಾಟಕ್ಕೆ ಹೊರಟ ಔಷಧಿ ಸಸ್ಯ, ಸುಗಂಧ ಸಸ್ಯಗಳಲ್ಲಿ ಸತ್ವ ಏನಿದೆ, ಎಷ್ಟಿದೆ ಎಂದು ಹೇಳುವ ಜಾಗವಿದು. ವರದಿಯ ಕೆಳಗೆ ವಿಜ್ಞಾನಿಯ ಸಹಿ ಇರುತ್ತದೆ. ಅದಕ್ಕೆ ಬೇಕಾದ ಎಣ್ಣೆ ಇಳಿಸಿ, ಪರೀಕ್ಷೆಯ ಯಂತ್ರಕ್ಕೆ ಉಣಿಸುವವರು ಭಟ್ಟಿಯಕ್ಕ. ಅರ್ಧ ಕಿಲೋ ಬೇರು ದಿನವಿಡೀ ಕುದಿದರೆ ಸಿಗುವುದು ಒಂದು ಚಮಚ ಎಣ್ಣೆ. ಅದರಲ್ಲಿ ಬೇರೆ ಯಾವ ವಾಸನೆಯೂ ಸೇರಬಾರದು. ಹಾಗಾಗಿ ಭಟ್ಟಿಯಕ್ಕ ಪೌಡರ್ ಹಚ್ಚುವುದಿಲ್ಲ, ಹೂ ಮುಡಿಯುವುದಿಲ್ಲ. ಮನೆಯವರಿಗೂ ಅದೇ ಕಾನೂನು. "ನಾನು ಒಂದು ಒಳ್ಳೇ ಸೋಪು ಹಾಕ್ಕೊಂಡು ಎಷ್ಟು ವರ್ಷ ಆಯ್ತೋ! ಇವಳು ಮಾತ್ರ ದಿನಾ ಗಮಗಮ ಅಂತ ಮನೆಗೆ ಬರ್ತಾಳೆ," ಎಂದು ದರ್ಜಿ ಕೆಲಸದ ಗಂಡ ನನ್ನ ಹತ್ತಿರ ದೂರು ಕೊಟ್ಟಿದ್ದಾರೆ.

ಇವತ್ತಿನ ಬೇರು ಎರಡನೇ ಸಲ ಬಂದದ್ದು. ಗುಡ್ಡದಾಚೆಯ ಹೆಂಗಸರು ಒಟ್ಟಾಗಿ ಮೊದಲ ಬಾರಿಗೆ ಲಾವಂಚ ಬೆಳೆದಿದ್ದಾರೆ. ವರದಿ ಚೊಕ್ಕವಾಗಿದ್ದರೆ ಮಾತ್ರ ಅಷ್ಟೂ ಬೆಳೆ ಕೊಳ್ಳುತ್ತೇವೆಂದು ಸುಗಂಧದ ಕಂಪನಿಯವರು ಹೇಳಿದ್ದಾರೆ. ಕಳೆದ ವಾರದ ಪರೀಕ್ಷೆಯಲ್ಲಿ ಎಡವಟ್ಟಾಯಿತು. ಎಣ್ಣೆಯಲ್ಲಿರುವ ಒಂದೊಂದು ಅಂಶಕ್ಕೂ ಯಂತ್ರ ಕಾಗದದ ಮೇಲೆ ಒಂದೊಂದು ಮೊನೆ ಎಬ್ಬಿಸುತ್ತದೆ. ಲಾವಂಚದ ಮೊನೆಗಳು ನಿಧಾನ, ಕೊನೆಗೆ ಬರುವಂಥವು. ಆವತ್ತು ಶುರುವಿನಲ್ಲೇ ಒಂದು ಮೊನೆ ಕರೆಯದೇ ಬಂದ ನೆಂಟನ ಹಾಗೆ ಎದ್ದು ನಿಂತಿತ್ತು. ಏನೋ ಕಲಬೆರಕೆಯಾಗಿದೆ ಎಂದೇ ಅರ್ಥ.

ಭಟ್ಟಿಯಕ್ಕನಿಗೆ ಅನ್ನ ಸೇರಲಿಲ್ಲ. ಬೇರು ಕಟ್ಟಿ ಕಳಿಸಿದ್ದ ಬಟ್ಟೆಯನ್ನು ಮೂಸಿ ನೋಡಿದರು. ಕೂಡಲೇ ಹೆಂಗಸರ ಮುಂದಾಳು ಅಜ್ಜಿಗೆ ಫೋನು.

"ಅಜ್ಜಿ, ಈ ಬಟ್ಟೆ ಯಾವುದು?"

"ನನ್ನ ಒಳ್ಳೇ ಶಾಲು ಮಗಳೇ! ಪರೀಕ್ಷೆಗೆ ಹೋಗೋದನ್ನ ಚಿಂದೀಲಿ ಕಟ್ಟೋಕಾಗುತ್ತಾ? ಪೆಟ್ಟಿಗೆಯಿಂದ ತೆಗೆದು ಸುತ್ತಿದೆ."

"ಪೆಟ್ಟಿಗೇಲಿ ನುಸಿಗುಳಿಗೆ ಹಾಕಿದ್ರಾ?"

"ಹಾಕದೇ? ಕೈತುಂಬ ಹಾಕಿದೀನಿ!"

ಮರ್ಯಾದೆಗೆಂದು ಹೊದಿಸಿದ ಶಾಲೇ ಬೇರಿಗೆ ಗುಳಿಗೆಯ ವಾಸನೆ ಹತ್ತಿಸಿ ಬೆಳೆಯ ಮರ್ಯಾದೆ ತೆಗೆಯುವುದರಲ್ಲಿತ್ತು. ವಿಜ್ಞಾನಿ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆದರೂ ಅನುಮಾನದ ಮೇಲೆ ವರದಿ ತಿದ್ದುವಂತಿಲ್ಲ, ಬೇರೆ ಬೇರು ತರಿಸಿ ಮತ್ತೊಮ್ಮೆ ನೋಡೋಣ ಎಂದರು. ಈ ಸಲ ಬೇರು ಬರಿಯ ಕಾಗದದ ಚೀಲದಲ್ಲಿ ಬಂದಿದೆ.

ಸಂಜೆ ಹಳದಿ ಎಣ್ಣೆಯ ಒಂದು ಹನಿ ಯಂತ್ರದೊಳಗೆ ಹೋಗುತ್ತದೆ. ಮೇಡಂ ಕುರ್ಚಿ ಎಳೆದು ಕೂರುತ್ತಾರೆ. ಭಟ್ಟಿಯಕ್ಕ ಕೂರುವುದೇ ಇಲ್ಲ. ಗೆರೆ ಶುರುವಾಗುತ್ತದೆ, ಹೋದ ಸಲ ಮೊನೆ ಎದ್ದಿದ್ದ ಜಾಗ ದಾಟುತ್ತದೆ, ಸಪಾಟಾಗಿಯೇ ಮುಂದೆ ಹೋಗುತ್ತದೆ. ಬಹಳ ಹೊತ್ತಿನ ಮೇಲೆ ಲಾವಂಚದ ಮೊನೆಗಳು ಸಾಲಾಗಿ ಏಳುತ್ತವೆ. "ಬಂತು! ಬಂತು!" ಎಂದು ಭಟ್ಟಿಯಕ್ಕ ಮೇಡಂ ಭುಜ ಹಿಡಿದು ಅಲ್ಲಾಡಿಸುತ್ತಾರೆ. ನನಗೂ ಕುಣಿಯುವಷ್ಟು ಖುಷಿ.

ಸುದ್ದಿ ಕೇಳಿದ ಅಜ್ಜಿ ಫೋನಿನಲ್ಲಿ ಅಳುತ್ತಾರೋ ನಗುತ್ತಾರೋ ತಿಳಿಯುವುದಿಲ್ಲ. "ಕೀಳೋಕೆ ಮುಂಚೆ ಒಂದ್ಸಲ ಹೊಲಕ್ಕೆ ಬಂದು ಹೋಗು ಮಗಳೇ," ಎನ್ನುತ್ತಾರೆ. ಭಟ್ಟಿಯಕ್ಕ ಫೋನ್ ಇಟ್ಟು, ಬೇರು ಬಂದಿದ್ದ ಕಾಗದದ ಚೀಲ ಮಡಚುತ್ತಾರೆ.

"ಹೋಗಲೇಬೇಕು. ಇಷ್ಟು ವರ್ಷ ಲಾವಂಚಾನ ಕತ್ತರಿಸಿದ್ದೇ, ಕುದಿಸಿದ್ದೇ," ಎಂದು ನನ್ನ ಕಡೆ ತಿರುಗುತ್ತಾರೆ. "ಅದು ಗಾಳೀಲಿ ತೂಗಾಡ್ತಾ ನಿಂತಿರೋದನ್ನ ನಾನಿನ್ನೂ ನೋಡೇ ಇಲ್ಲ."