ಮಾಣಿಕಮ್ಮ ತೊಳೆದ ಬೇರುಗಳು

ಮಾಣಿಕಮ್ಮ ಕಾಗಿಣಾ ಹೊಳೆಯ ದಂಡೆಯ ಮೀನುಗಾರರ ಮಗಳು. ೧೯೫೩ರ ಹಿಂಗಾರಿನಲ್ಲಿ ಗುಂಡಗುರ್ತಿಯ ಹತ್ತಿರದ ಸರ್ಕಾರಿ ಬೀಜದ ಹೊಲಕ್ಕೆ ಕೂಲಿಗೆ ಸೇರಿದಳು. ಅಲ್ಲಿಯ ಕೃಷಿ ಸಹಾಯಕ ಗುರುಲಿಂಗಯ್ಯನವರಿಗೆ ಒಂದೇ ಹುಚ್ಚು. ಎಳೆಯ ಜೋಳದ ಸಸಿ ತನ್ನ ಬೆಳವಣಿಗೆಯಲ್ಲಿ ಬೇರಿಗೆಷ್ಟು, ಎಲೆಗೆಷ್ಟು ಹಂಚುತ್ತದೆ ಎಂದು ಮುಂಚಿತವಾಗಿ ಹೇಳುವ ಸೂತ್ರ ಕಟ್ಟಬೇಕು! ನಾಲ್ಕು ದಿನಕ್ಕೊಮ್ಮೆ ಸಸಿ ಅಗೆಸಿ, ಬೇರು ಎಲೆ ಬೇರೆ ಮಾಡಿ, ಒಣಗಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುತ್ತಿದ್ದರು. ಸೂತ್ರ ಹೇಳಿದಷ್ಟು ಬೇರು ಎಂದೂ ತೂಗುತ್ತಿರಲಿಲ್ಲ.

ಕಾರಣ ಕಂಡವಳು ಮಾಣಿಕಮ್ಮ. ಎರೆಮಣ್ಣು ತೊಳೆಯುವಾಗ ಕೂದಲಿನಂಥ ಬೇರುಗಳು ನೀರಿನ ಜೊತೆ ಹೋಗುತ್ತಿದ್ದವು. ಮರುದಿನ ಅಪ್ಪನ ಸಣ್ಣ ಕಣ್ಣಿನ ಬಲೆ ತಂದು, ನಾಲ್ಕು ಮಡಿಕೆ ಮಾಡಿ ಬೇರು ತೊಳೆಯುವ ಬುಟ್ಟಿಯೊಳಗೆ ಹಾಸಿದಳು. ಅಂದಿನಿಂದ ಲೆಕ್ಕ ಹತ್ತಿರ ಬರತೊಡಗಿತು. ನೀರು ಕಡಿಮೆಯಿದ್ದ ಮಡಿಯಲ್ಲಿ ಬೇರಿನ ಪಾಲು ಹೆಚ್ಚು, ನೀರು ಗೊಬ್ಬರ ಸಿಕ್ಕಲ್ಲಿ ಎಲೆಯ ಪಾಲು ಹೆಚ್ಚು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಪಕ್ಕದ ಹೊಲದ ಜೈತುನ್ಬೀಯ ಆಡುಗಳು ಹಗ್ಗ ಹರಿದುಕೊಂಡು ಬಂದು ಒಂದು ಮಡಿಯ ಎಲೆಯನ್ನೆಲ್ಲ ಮೇದುಬಿಟ್ಟವು. ಗುರುಲಿಂಗಯ್ಯ ತಲೆಯ ಮೇಲೆ ಕೈಹೊತ್ತು ಕುಳಿತರು.

"ಇಪ್ಪತ್ತು ದಿನದ ಕೆಲಸ ಹಾಳಾತು. ಎಲ್ಲಾ ಕಿತ್ತಿ ಒಗಿ, ಮಾಣಿಕಮ್ಮ."

"ಯಾಕ್ರೀ ಸಾಹೇಬ್ರ? ಬೇರು ಜೀವಂತ ಅದಾವ. ಇನ್ನ ಎಂಟು ದಿನ ಸಸಿ ಬೇರಿಗಿ ಏನೂ ಕೊಡಂಗಿಲ್ಲ, ಎಲಿಗೇ ಕೊಡ್ತದ, ನೋಡ್ರಿ ಬೇಕಾದ್ರ."

"ನಿನಗ ಹೆಂಗ ಗೊತ್ತು?"

"ದನಾ ಮೇದ ಹುಲ್ಲು ಭಾಳ ಸಲ ಕಿತ್ತೀನ್ರಿ. ಮ್ಯಾಲ ಚಿಗುರು ಇರ್ತದ, ಕೆಳಗ ಹೊಸ ಬಿಳಿ ಬೇರು ಇರಂಗಿಲ್ಲ."

ಗುರುಲಿಂಗಯ್ಯ ಎದ್ದು ಕಾಗದ ತೆಗೆದರು. ಎಲೆ ಕಳೆದುಕೊಂಡ ಸಸಿ ಮೊದಲು ಎಲೆಯ ಕೊರತೆ ತುಂಬಿಕೊಳ್ಳುತ್ತದೆ ಎಂದು ಹಿಡಿದು ಸೂತ್ರವನ್ನು ಹೊಸದಾಗಿ ಬರೆದರು. ಎಂಟನೆಯ ದಿನ ಬರಬೇಕಾದ ತೂಕವನ್ನು ಅಂದೇ ಗೋಡೆಯ ಮೇಲೆ ಗೀಚಿಟ್ಟರು.

ಎಂಟನೆಯ ದಿನ ಅಗೆದು, ತೊಳೆದು, ಒಣಗಿಸಿ ತೂಗಿದರು. ಬೇರಿನ ತೂಕ ಮೊದಲಿದ್ದಷ್ಟೇ ಇತ್ತು. ಎಲೆಯ ತೂಕಕ್ಕೂ ಗೋಡೆಯ ಮೇಲಿನ ಲೆಕ್ಕಕ್ಕೂ ಒಂದು ಗುಲಗಂಜಿ ಕಾಳಿನಷ್ಟು ಮಾತ್ರ ವ್ಯತ್ಯಾಸ. ನಂಬಿಕೆಯಾಗದೆ ಮೂರು ಸಲ ತೂಗಿ ನಕ್ಕುಬಿಟ್ಟರು.

ಹೈದರಾಬಾದಿಗೆ ಕಳಿಸುವ ವರದಿಯಲ್ಲಿ ಅವಳ ಹೆಸರನ್ನೂ ಬರೆದರು. "ಯಾವುದ್ರೀ ನನ್ನ ಹೆಸರು?" ಎಂದು ಕೇಳಿ, ತೋರಿಸಿದ ಅಕ್ಷರಗಳನ್ನು ಮಾಣಿಕಮ್ಮ ಬಹಳ ಹೊತ್ತು ನೋಡಿದಳು.

ಮರುವರ್ಷ ಅವಳ ಕೆಲಸ ಕಾಯಂ ಆಯಿತು. ಸೇಡಂ, ಚಿಂಚೋಳಿ ಕಡೆಯಿಂದ ಬಂದ ಹೆಣ್ಣಾಳುಗಳಿಗೆ ಬೇರು ತೊಳೆಯುವುದನ್ನು ಅವಳೇ ಕಲಿಸಿದಳು. "ಅವಸರ ಮಾಡಬ್ಯಾಡ್ರೇ," ಎನ್ನುತ್ತಿದ್ದಳು, "ಕೂಸಿನ ತಲಿ ತೊಳದಂಗ ತೊಳೀರಿ."