ಕೆಂಚಿಯ ಕೊಟ್ಟಿಗೆಗೆ ಬಂದ ಕಾರು

ಆಗೆಲ್ಲ ಆಯುಧಪೂಜೆಯ ದಿನ ನಮ್ಮೂರ ಹೆಂಗಸರಿಗೆ ಕೋಳಿ ಕೂಗುವ ಮೊದಲೇ ಕೆಲಸ ಹತ್ತಿಕೊಳ್ಳುತ್ತಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷವೂ ಹಾಗೇ ಆಯಿತು. ಅಮ್ಮ ಅಂಗಳಕ್ಕೆ ಸಗಣಿ ಸಾರಿಸಿದಳು, ನಾನು ರಂಗೋಲಿ ಬಿಟ್ಟೆ. ಒನಕೆ, ಮೊರ, ಈಳಿಗೆಮಣೆ, ಕುಡುಗೋಲು ತೊಳೆದು ಕುಂಕುಮ ಇಟ್ಟೆವು. ಬಾವಿಯಿಂದ ನಾಲ್ಕು ಬಿಂದಿಗೆ ನೀರು ತಂದೆ. ಅಮ್ಮ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಳು. ಹೊಂಗೆ ಮರದ ಕೆಳಗೆ ಕಟ್ಟಿದ್ದ ನಮ್ಮ ಹಸು ಕೆಂಚಿಯ ಬೆನ್ನ ಮೇಲಿನ ಒದ್ದೆ ಗೋಣಿ ತೆಗೆದು ಒಣಗಿದ್ದನ್ನು ಹೊದಿಸಿದೆ. ಕೊನೆಗೆ ಕೊಟ್ಟಿಗೆಗೆ ಹೋಗಿ, ಹಸು ಇರಬೇಕಾದ ಜಾಗದಲ್ಲಿ ನಿಂತಿದ್ದ ಕಾರಿನ ಮೇಲಿನ ಕೋಳಿ ಪಿಕ್ಕೆ ಒರೆಸಿದೆ. ಆ ಕೊನೆಯ ಕೆಲಸ ಅಪ್ಪ ಹೇಳಿದ್ದು.

ಆ ಕಾರಿನ ಮೇಲೆ ನನಗೆ ಆಗಲೂ ಗೌರವ ಇರಲಿಲ್ಲ, ಈಗಲೂ ಇಲ್ಲ. ಹಳೇ ಕಾರು ಕಂಡರೆ ಬಾಯಿ ಬಿಟ್ಟುಕೊಂಡು ನಿಲ್ಲುವವರು, ಅದರ ಮೂತಿ ಸವರಿ ‘ಆಗಿನ ಕಬ್ಬಿಣವೇ ಬೇರೆ’ ಎನ್ನುವವರು ಈಗಲೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಆ ಕಬ್ಬಿಣಕ್ಕಾಗಿ ತಮ್ಮ ಮನೆಯ ಹಸುವನ್ನು ಮಳೆಯಲ್ಲಿ ಕಟ್ಟಿದ್ದರೆ ನಾನು ಕೂತು ಮಾತಾಡಲು ತಯಾರಿದ್ದೇನೆ.

ನಮ್ಮಪ್ಪ ಮುನಿಯಪ್ಪನಿಗೆ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಮರದ ಕೆಲಸ. ಅಂದರೆ ಮೇಜು ಕುರ್ಚಿ ಮಾಡುವುದಲ್ಲ. ಸುರಂಗದಲ್ಲಿ ತಲೆಯ ಮೇಲಿನ ಬಂಡೆ ಕುಸಿಯದಂತೆ ಮರದ ಕಂಬ ನಿಲ್ಲಿಸಿ, ಅಡ್ಡ ತೊಲೆ ಕೊಟ್ಟು, ಸಂದಿಗೆ ಬೆಣೆ ಹೊಡೆದು ಬಿಗಿ ಮಾಡುವುದು. ನಮ್ಮೂರಿಂದ ಬಂಗಾರಪೇಟೆ ಸ್ಟೇಷನ್ನಿಗೆ ಸೈಕಲ್ಲು, ಅಲ್ಲಿಂದ ಗಣಿಗೆ ರೈಲು. ಗಣಿಯ ಹತ್ತಿರದ ಕೋರಮಂಡಲ್‌ನ ಒಂದು ಬಂಗಲೆಯ ಹಿಂದೆ, ಬೇವಿನ ಮರದ ಕೆಳಗೆ, ಯಾವ ಕಾಲದಲ್ಲೋ ಒಬ್ಬ ಇಂಗ್ಲಿಷ್ ದೊರೆ ಬಿಟ್ಟುಹೋದ ಕಾರು ಮಣ್ಣು ಹಿಡಿದು ಕೂತಿತ್ತು. ಬಂಗಲೆಗೆ ಹೊಸದಾಗಿ ಬಂದವರು, ‘ಯಾರಾದರೂ ಹೊತ್ತುಕೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ’ ಎಂದರಂತೆ. ಪುಣ್ಯ ಕಟ್ಟಿಕೊಳ್ಳಲು ಮುಂದೆ ಬಂದ ಒಬ್ಬನೇ ಗಂಡಸು ನಮ್ಮಪ್ಪ.

ಯುಗಾದಿ ಕಳೆದ ವಾರ ಎರಡು ಜೊತೆ ಎತ್ತು ಕಟ್ಟಿ ಅದನ್ನು ಎಳೆದು ತಂದರು. ಇಲಿ ಉಚ್ಚೆಯ ವಾಸನೆ. ಸೀಟಿನೊಳಗೆ ತೆಂಗಿನ ನಾರು ಬಾಯಿ ಬಿಟ್ಟಿತ್ತು. ಬಾಗಿಲು ತೆಗೆದರೆ ಬಾಗಿಲೇ ಕೈಗೆ ಬಂತು.

ಅಮ್ಮ ಅಪ್ಪನಿಗೆ ನೇರವಾಗಿ ಬಯ್ಯುತ್ತಿರಲಿಲ್ಲ. ಬಯ್ಯಬೇಕಾದ್ದನ್ನೆಲ್ಲ ಅವನಿಗೆ ಕೇಳುವಂತೆ ಹಸುವಿಗೆ ಹೇಳುತ್ತಿದ್ದಳು. ಅವತ್ತೂ ಕೆಂಚಿಯ ಹಗ್ಗ ಬಿಚ್ಚುತ್ತಾ, “ಬಾ ಕಣೇ ಕೆಂಚಿ. ಬಿಟ್ಟಿ ಸಿಕ್ತು ಅಂತ ಎಣಾನೂ ಮನೆಗೆ ತರೋ ಜನ ಇವ್ರು. ನಿನ್ನ ಮನೇಲಿ ದೊರೆ ಇಳ್ಕೊಂಡವ್ನೆ, ನಾವು ಮರದ ಕೆಳಗೆ ಓಗಾನ” ಎಂದಳು.

ಅಪ್ಪ ತಲೆ ಕೆರೆದುಕೊಂಡ. “ದಸರಾ ಒಳಗೆ ಓಡಿಸ್ಕೊಂಡು ಒರಗೆ ತತ್ತೀನಿ. ಆಯುಧಪೂಜೆ ದಿನ ಬಂಗಾರಪೇಟೆ ಒಂದು ಸುತ್ತು ಓಗಿ ಬರಾನ.”

“ಕೇಳಿಸ್ಕೊಂಡ್ಯಾ ಕೆಂಚಿ? ನೀನು ಈಯೋದೂ ದಸರಾಕ್ಕೇನೇ.”

ಕೊಟ್ಟಿಗೆ ಅಮ್ಮ ಕೈಯಾರೆ ಕಟ್ಟಿದ್ದು. ಅದನ್ನು ಕಟ್ಟುವ ಮೊದಲು ಒಂದು ಸಲ ಕೆಂಚಿ ಇದೇ ಹೊಂಗೆ ಮರದ ಕೆಳಗೆ ಮಳೆಯಲ್ಲಿ ಈದು, ಕರು ಕೆಸರಿನಲ್ಲಿ ನಡುಗಿ ನಡುಗಿ ಬೆಳಕು ಹರಿಯುವ ಮೊದಲು ಸತ್ತಿತ್ತು. ಆ ಬೇಸಿಗೆಯಲ್ಲಿ ಅಮ್ಮ ಕೆರೆಯಿಂದ ಮಣ್ಣು ಹೊತ್ತು, ಗೋಡೆ ಎಬ್ಬಿಸಿ, ನೆಲ ಬಡಿದು ಗಟ್ಟಿ ಮಾಡಿದಳು. ಮಣ್ಣು ಹೊರುವಾಗ ಅಪ್ಪನಿಗೆ ಶಿಫ್ಟು ಇತ್ತು. ಕಾರು ಎಳೆಯುವಾಗ ಇರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಕೋರಮಂಡಲ್‌ನಿಂದ ಸೆಲ್ವರಾಜು ಬರುತ್ತಿದ್ದ. ಗಣಿಯ ಫಿಟ್ಟರು, ಅಪ್ಪನ ಜೊತೆಗೇ ಕೆಳಗೆ ಇಳಿಯುವವನು. ಅವನ ಕೈ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಎಂಜಿನ್ನು ಬಿಚ್ಚಿ, ನಮ್ಮ ರೊಟ್ಟಿ ಹಂಚಿನಲ್ಲಿ ಸೀಮೆಎಣ್ಣೆ ಹುಯ್ದು, ಒಂದೊಂದೇ ಸಾಮಾನು ತೊಳೆದಿಡುತ್ತಿದ್ದ. ಅದಾದ ಮೇಲೆ ಮೂರು ವಾರ ನಮ್ಮ ರಾಗಿ ರೊಟ್ಟಿ ಸೀಮೆಎಣ್ಣೆ ನಾತ ಹೊಡೆಯಿತು. ಉಳಿದ ನಟ್ಟುಗಳಲ್ಲಿ ನಾನು ಐದು ಆರಿಸಿಕೊಂಡು ಕಲ್ಲಾಟ ಆಡುತ್ತಿದ್ದೆ. ಆ ಕಾರಿನಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಅಷ್ಟೇ.

ಊರ ಗಂಡಸರೂ ಬಂದು ಗೋಡೆಗೆ ಒರಗಿ ಬೀಡಿ ಹಚ್ಚುತ್ತಿದ್ದರು. ಸೈಕಲ್ಲಿನ ಚೈನು ಬಿದ್ದರೆ ಹಾಕಿಕೊಳ್ಳಲು ಬಾರದವನು ಎಂಜಿನ್ನಿಗೆ ಬುದ್ಧಿ ಹೇಳುತ್ತಿದ್ದ. ಅಮ್ಮ ಹುಲ್ಲಿನ ಹೊರೆ ಹೊತ್ತು ಬಂದರೆ ಕಾಲು ಮಡಚಿ ದಾರಿ ಬಿಡುತ್ತಿದ್ದರು. ಅವರು ಮಾಡಿದ ಸಹಾಯ ಅದೇ.

ಎಂಜಿನ್ನು ಸೆಲ್ವರಾಜುವಿನದು, ಮೈ ಅಪ್ಪನದು ಎಂದು ಹಂಚಿಕೊಂಡಿದ್ದರು. ಕಾರಿನ ತಳ ತುಕ್ಕು ತಿಂದು ನೆಲ ಕಾಣುತ್ತಿತ್ತು, ಚಾವಣಿ ಅಪ್ಪಳದ ಹಾಗೆ ಅಲುಗುತ್ತಿತ್ತು. ಬಂಗಾರಪೇಟೆಯ ಯಾವ ತಗಡಿನ ಕೆಲಸದವನಾದರೂ ಎರಡು ತಗಡು ಬೆಸೆದು ಮುಗಿಸಿಬಿಡುತ್ತಿದ್ದ. ಅಪ್ಪ ಹಾಗೆ ಮಾಡಲಿಲ್ಲ. ತಳಕ್ಕೆ ನಾಲ್ಕು ಬೆರಳು ದಪ್ಪದ ಹಲಗೆ ಹಾಸಿದ. ಅದರ ಮೇಲೆ ನಾಲ್ಕು ಮೂಲೆಗೆ ನಾಲ್ಕು ಜಾಲಿ ಕಂಬ. ಕಂಬದ ಮೇಲೆ ಅಡ್ಡ ತೊಲೆ. ತೊಲೆಗೂ ಚಾವಣಿಗೂ ಮಧ್ಯೆ ಬೆಣೆ. ಬೆಣೆ ಹೊಡೆದು, ಸುತ್ತಿಗೆಯ ಮರದ ಕಾವಿನಿಂದ ಚಾವಣಿಯನ್ನು ತಟ್ಟಿ, ಕಿವಿ ಕೊಟ್ಟು ಕೇಳಿ, ಇನ್ನೊಂದು ಬೆಣೆ ಹೊಡೆಯುತ್ತಿದ್ದ. ಸೀಟಿನಲ್ಲಿ ಕೂತರೆ ಎರಡು ಮೊಣಕಾಲಿನ ನಡುವೆ ಒಂದು ಕಂಬ ಬರುತ್ತಿತ್ತು.

ಸೆಲ್ವರಾಜು ಒಂದು ಭಾನುವಾರ ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡ. “ಅಯ್ಯೋ ಅಣ್ಣೇ! ಇದು ಕಾರಾ, ಸುರಂಗಾನಾ?”

“ಗಟ್ಟಿಯಾಗಿರ್ಲಿ ಬಿಡಪ್ಪ.”

“ಗಟ್ಟಿ ಸರಿ ಅಣ್ಣೇ. ಎಂಜಿನ್ನು ಎಳೀಬೇಕಲ್ಲ?”

“ತಲೆ ಮೇಲಿರೋದನ್ನ ನಂಬಬಾರದು ಕಣ್ಲಾ ಸೆಲ್ವ.”

ಅಮ್ಮ ಹೊರಗಿನಿಂದ ಕೆಂಚಿಗೆ, “ನೋಡೇ, ಕಾರಿನ ಮೇಲೆ ಗುಡ್ಡ ಬೀಳ್ತದಂತೆ! ನಿನ್ನ ಮೇಲೆ ಬೀಳೋ ಮಳೆ ಮಾತ್ರ ಯಾರ ಕಣ್ಣಿಗೂ ಕಾಣಾಕಿಲ್ಲ” ಎಂದಳು.

ಆಯುಧಪೂಜೆ ಬಂತು. ಕೆಂಚಿಯ ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಬಾಲದ ಬುಡ ಮುಟ್ಟಿ ನೋಡಿ ಅಮ್ಮ, “ಇವತ್ತೇ” ಎಂದಳು. ಬೆಳಗಿನಿಂದ ಮೋಡ ಕವಿದಿತ್ತು. ಕಾರಿಗೆ ಮಾತ್ರ ಚೆಂಡುಹೂವಿನ ಹಾರ, ಮೂತಿಗೆ ವಿಭೂತಿ, ಚಕ್ರಕ್ಕೊಂದರಂತೆ ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆದು, ಪುರಿ ಕಡಲೆ ಹಂಚಿದರು. ಅಪ್ಪ ಶಿಫ್ಟಿಗೆ ಹೋಗುವ ಚಡ್ಡಿ ಬಿಟ್ಟು ಬಿಳಿ ಪಂಚೆ ಉಟ್ಟಿದ್ದ. ಸೆಲ್ವರಾಜು ಸ್ಟೇರಿಂಗ್ ಹಿಡಿದು ಕೂತ. ಅಪ್ಪ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದ. ಎಂಟನೆಯ ಸಲಕ್ಕೆ ಎಂಜಿನ್ನು ಕೆಮ್ಮಿ, ಉಗುಳಿ, ಹತ್ತಿಕೊಂಡಿತು. ಕೊಟ್ಟಿಗೆ ತುಂಬ ಕರೀ ಹೊಗೆ. ಜನ ಚಪ್ಪಾಳೆ ತಟ್ಟಿದರು. ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿಯಾದವು. ಕಾರಿನ ಪ್ರಯಾಣ ಅಲ್ಲಿಗೆ ನಿಂತಿತು.

ಕೊಟ್ಟಿಗೆಯಿಂದ ಬೀದಿಗೆ ಮೊಣಕಾಲೆತ್ತರದ ಏರು. ಆ ಮರದ ಭಾರಕ್ಕೆ ಕಾರು ಅದನ್ನು ಹತ್ತಲಿಲ್ಲ. ಎಂಜಿನ್ನು ಕೂಗಿದಷ್ಟೂ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ, ಅಮ್ಮ ಬಡಿದು ಗಟ್ಟಿ ಮಾಡಿದ ನೆಲವನ್ನು ಬಗೆದು ಹಾಕಿದವು. ಎಂಟು ಜನ ತಳ್ಳಿದರು. ಕದಲಲಿಲ್ಲ. ಅಷ್ಟರಲ್ಲಿ ಮಳೆ ಶುರುವಾಯಿತು, ಕೆಂಚಿ ಕಾಲು ಬಡಿದು ನರಳತೊಡಗಿತು.

ಅಮ್ಮ ಅವತ್ತು ಮೊದಲ ಸಲ ಹಸುವಿನ ಕಡೆ ನೋಡದೆ, ಅಪ್ಪನ ಮುಖಕ್ಕೇ ಹೇಳಿದಳು. “ಇನ್ನೊಂದು ಕರು ಕೆಸರಲ್ಲಿ ಬಿದ್ರೆ ನಾನು ಈ ಮನೇಲಿ ಇರಾಕಿಲ್ಲ. ಆ ಮರ ಕೀಳು.”

“ಅಕ್ಕ ಹೇಳೋದು ಸರಿ ಅಣ್ಣೇ,” ಸೆಲ್ವರಾಜು ಕೂತಲ್ಲಿಂದಲೇ ಕೂಗಿದ. “ಮರ ತೆಗೆದ್ರೆ ಎದ್ದು ಬರ್ತದೆ. ನಾನು ಎಂಜಿನ್ನು ಹಿಡ್ಕೊಂಡಿರ್ತೀನಿ, ನೀನು ಹೊಡಿ.”

ಅಪ್ಪ ಸುತ್ತಿಗೆ ತಂದ. ತಂದವನು ಕಾರಿನ ಬಾಗಿಲ ಹತ್ತಿರ ನಿಂತುಬಿಟ್ಟ. “ನೀನು ಒರಗೆ ಬಾ ಸೆಲ್ವ.”

“ಎಂಜಿನ್ನು ನಿಂತೋಗ್ತದೆ ಅಣ್ಣೇ!”

“ನಿಲ್ಲಲಿ. ಒಳಗೆ ಆಳಿರೋವಾಗ ಕಂಬ ತೆಗೆಯಾಕಿಲ್ಲ. ಬಾರ್ಲಾ ಒರಗೆ.”

ಕಷ್ಟಪಟ್ಟು ಹತ್ತಿಸಿದ ಎಂಜಿನ್ನು ಆರಿತು. ಸೆಲ್ವರಾಜು ಕೆಳಗಿಳಿದ. ಮಳೆ ಸುರಿಯುತ್ತಿದೆ, ಹಸು ಒರಲುತ್ತಿದೆ, ನಮ್ಮಪ್ಪ ಕಾರಿನೊಳಗೆ ಬಗ್ಗಿ ನಿಂತು ತಗಡಿನ ಚಾವಣಿಯನ್ನು ಕಾವಿನಿಂದ ತಟ್ಟಿ ಕಿವಿ ಕೊಡುತ್ತಿದ್ದಾನೆ. ಆಮೇಲೆ ತಲೆ ಹೊರಗೆ ಹಾಕಿ, “ದೂರ! ಎಲ್ಲಾ ದೂರ ಓಗ್ರಿ!” ಎಂದು ಗಣಿಯಲ್ಲಿ ಕೂಗುವ ಹಾಗೆ ಕೂಗಿದ.

ಬೀಡಿ ಸೇದುವವರಿಗೆ ಇನ್ನೇನು ಬೇಕು? “ಏ, ಓಡ್ರಲಾ! ಮುನಿಯಪ್ಪನ ಗಣಿ ಕುಸೀತದೆ!” ಎಂದು ಒಬ್ಬ. “ಹೆಂಡ್ರು ಮಕ್ಕಳನ್ನ ದೂರ ಕಳ್ಸಪ್ಪೋ!” ಎಂದು ಇನ್ನೊಬ್ಬ. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಅಪ್ಪ ಮೊದಲ ಬೆಣೆ ಹೊಡೆದು ತೆಗೆದ. ಕಂಬ ಸಡಿಲವಾಯಿತು. ಅದನ್ನು ಬಲಗೈಯಲ್ಲಿ ಈಚೆಗೆ ಎಳೆಯುವಾಗ ಎಡಗೈಯನ್ನು ಅಂಗೈ ಅಗಲಿಸಿ ಚಾವಣಿಗೆ ಕೊಟ್ಟಿದ್ದ. ಅಪ್ಪಳದಂಥ ಆ ತಗಡನ್ನು ಎತ್ತಿ ಹಿಡಿದಿದ್ದ. ಹಣೆಯಲ್ಲಿ ಬೆವರು. ಎರಡನೆಯ ಕಂಬ, ಮೂರನೆಯದು. ನಾಲ್ಕನೆಯದನ್ನು ತೆಗೆಯುವಾಗ ಕಣ್ಣು ಮುಚ್ಚಿಕೊಂಡ. ಮೇಲಿನಿಂದ ಒಂದು ಹಿಡಿ ತುಕ್ಕು ಉದುರಿ ಅವನ ಕೂದಲಿನ ಮೇಲೆ ಬಿತ್ತು. ಅಷ್ಟೇ ಬಿದ್ದದ್ದು.

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೆಲ್ವರಾಜು ಒಬ್ಬ ನಗಲಿಲ್ಲ. ಒಳಗೆ ಕೈ ಚಾಚಿ, “ಆಯ್ತು ಅಣ್ಣೇ. ಎಲ್ಲಾರೂ ಒರಗೆ ಇದ್ದಾರೆ. ಬಾ” ಎಂದ.

ಆ ಮಾತು ಯಾರ ಕುರಿತದ್ದು ಎಂದು ನಾನು ತಿಳಿದುಕೊಂಡದ್ದು ಎಷ್ಟೋ ವರ್ಷದ ಮೇಲೆ. ಹಿಂದೊಂದು ಸಲ ಸುರಂಗದಲ್ಲಿ ಬಂಡೆ ಸಿಡಿದಾಗ ಅಪ್ಪನ ಗ್ಯಾಂಗಿನ ಇಬ್ಬರು ಹೊರಗೆ ಬಂದಿರಲಿಲ್ಲವಂತೆ. ಸೆಲ್ವರಾಜುವೇ ಹೇಳಿದ, ಅಪ್ಪ ಹೇಳಲಿಲ್ಲ. ಹಾಗಂತ ಕಾರನ್ನು ನಾನು ಕ್ಷಮಿಸಿಲ್ಲ. ಭಯ ಇದ್ದವನು ಮಲಗುವ ಮನೆಗೆ ನಾಲ್ಕು ಕಂಬ ಕೊಡಬೇಕಿತ್ತು, ಇಲ್ಲವೇ ಹೊಂಗೆ ಮರದ ಕೆಳಗೆ ಹಸುವಿಗೆ ಒಂದು ಚಪ್ಪರ ಹಾಕಬೇಕಿತ್ತು. ಅಷ್ಟು ಮರ ಅವನ ಹತ್ತಿರ ಇತ್ತು. ನನ್ನ ನಗುವಿನ ಬಗ್ಗೆಯೂ ನನಗೆ ಒಳ್ಳೆಯ ಮಾತಿಲ್ಲ. ಬೀಡಿಯವರ ಸಾಲಿನಲ್ಲಿ ನಿಂತು ನಕ್ಕೆ, ಅಷ್ಟೇ.

ಹಲಗೆಯನ್ನೂ ಕಿತ್ತ ಮೇಲೆ ಕಾರು ಹಗುರಾಯಿತು. ಎಂಜಿನ್ನು ಮತ್ತೆ ಹತ್ತಿತು. ಹಿಂದಿನಿಂದ ಅಪ್ಪ, ಅಮ್ಮ, ಎಂಟು ಗಂಡಸರು, ಎಲ್ಲರೂ ತಳ್ಳಿದರು. ಏರು ಹತ್ತಿ, ಬೀದಿ ದಾಟಿ, ಎದುರಿನ ತಿಪ್ಪೆಯ ಹತ್ತಿರ ಹೋಗಿ ಒಂದು ಸಲ ಸೀನಿ ನಿಂತಿತು. ಬಂಗಾರಪೇಟೆಯನ್ನು ಅದು ಕಡೆಗೂ ನೋಡಲಿಲ್ಲ. ಎರಡು ವರ್ಷ ಅದರಲ್ಲಿ ಕೋಳಿಗಳು ಮೊಟ್ಟೆ ಇಟ್ಟವು. ಆಮೇಲೆ ರಾಬರ್ಟ್‌ಸನ್‌ಪೇಟೆಯ ಗುಜರಿಯವನು ತುಂಡು ಮಾಡಿ ಒಯ್ದ.

ಅವತ್ತು ಕಾರು ಹೊರಗೆ ಹೋದದ್ದೇ ಅಮ್ಮ ಚಕ್ರ ಬಗೆದ ಗುಂಡಿಗೆ ಬೂದಿ ತುಂಬಿ, ಹುಲ್ಲು ಹರಡಿ, ಕೆಂಚಿಯನ್ನು ಒಳಗೆ ತಂದಳು. ಅರ್ಧ ಗಂಟೆಯಲ್ಲಿ ಕರು ನೆಲಕ್ಕೆ ಬಿತ್ತು. ಒಣ ನೆಲಕ್ಕೆ. ಹೆಣ್ಣುಗರು. ನಾನು ಗೋಣಿಯಿಂದ ಒರೆಸಿದೆ. ಸಾಯಂಕಾಲ ಆಗುವಷ್ಟರಲ್ಲಿ ಎದ್ದು ನಿಂತು, ತಡವರಿಸಿ, ಮೊಲೆ ಹುಡುಕಿಕೊಂಡಿತು.

ಈಗ ಆ ಕೊಟ್ಟಿಗೆ ಇದ್ದಲ್ಲಿ ಕಬ್ಬಿಣದ ಷಟರು ಹಾಕಿದ ಅಂಗಡಿ ಇದೆ. ಗಣಿ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿದೆಯಂತೆ, ಅಪ್ಪ ನಿಲ್ಲಿಸಿದ ಕಂಬಗಳು ಆ ನೀರಿನೊಳಗೆ ನಿಂತಿರಬೇಕು. ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಗಿಣ್ಣು ಕೂಡ ಪುಡಿಯಲ್ಲಿ ಸಿಗುತ್ತದೆ, ಹಾಲಿಗೆ ಕಲಸಿ ಬೇಯಿಸಿದರೆ ಸೋಪಿನಂತೆ ಗಟ್ಟಿಯಾಗುತ್ತದೆ, ರುಚಿಯೂ ಹಾಗೇ. ಕಳೆದುಹೋದದ್ದನ್ನು ಲೆಕ್ಕ ಹಾಕಲು ಕೂತರೆ ಕಾರನ್ನು ಆ ಸಾಲಿಗೆ ಸೇರಿಸುವುದಿಲ್ಲ. ಆ ದಿನದ ಸಾಯಂಕಾಲವನ್ನು ಸೇರಿಸುತ್ತೇನೆ. ಅಂಥದ್ದು ನಮ್ಮ ಮನೆಗೆ ಮತ್ತೆ ಹೆಚ್ಚು ಬರಲಿಲ್ಲ.

ದೀಪ ಹಚ್ಚಿದ ಮೇಲೆ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಅಮ್ಮ ಗಿಣ್ಣು ಬೇಯಿಸಿದಳು. ಒಬ್ಬಟ್ಟೂ ಇತ್ತು, ಯಾರಿಗೂ ಬೇಡವಾಯಿತು. ಸೆಲ್ವರಾಜು ಎರಡು ತುಂಡು ತಿಂದು, ಒಂದನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ರೈಲಿಗೆ ಹೊರಟ. ಅಪ್ಪ ಮೂರು ತುಂಡು ತಿಂದ. ತಿಂದು ಕೈ ತೊಳೆದು, “ಏನೇ ಅನ್ನಿ, ಕಾರು ಒರಗೆ ಬಂತಲ್ಲ” ಎಂದ. ಇದಕ್ಕೆ ಅಮ್ಮ ಕೆಂಚಿಗೆ ಏನು ಹೇಳುತ್ತಾಳೋ ಎಂದು ನಾನು ಕೊಟ್ಟಿಗೆಯ ಕಡೆ ತಿರುಗಿದೆ. ಆರು ತಿಂಗಳಿಂದ ಮಳೆ ಹನಿದಾಗೆಲ್ಲ ಎದ್ದು ಹೋಗಿ ಮರದ ಕೆಳಗೆ ನೋಡಿ ಬರುತ್ತಿದ್ದ ಅಮ್ಮ ಕರುವಿನ ಪಕ್ಕ ಹುಲ್ಲಿನ ಮೇಲೆ ಕೂತಿದ್ದಳು, ಗೋಡೆಗೆ ತಲೆ ಆನಿಸಿ. ತಟ್ಟೆಯಲ್ಲಿ ಅವಳ ಪಾಲಿನ ಗಿಣ್ಣು ಹಾಗೇ ಇತ್ತು. ಅವತ್ತು ನಮ್ಮ ಮನೆಯಲ್ಲಿ ಮೊದಲು ನಿದ್ದೆ ಹೋದವಳು ಅವಳು.