‘ಆರಾಮ’ ಎಂದವರನ್ನು ನಂಬದ ಫಕ್ಕೀರಪ್ಪ

ಬೆಳಗಿನ ಆರು ಗಂಟೆ. ಅಕ್ಕಿಆಲೂರಿನ ಹೊರಗೆ ಗದ್ದೆಯ ಬದುವಿನ ಮೇಲೆ ಹೆಲ್ಮೆಟ್ ಹಾಕಿಕೊಂಡ ಐದು ಜನ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂದೊಂದೇ ಹೆಜ್ಜೆ ಇಡುತ್ತಿದ್ದಾರೆ. ಅವರ ಸೈಕಲ್ಲುಗಳು ರಸ್ತೆಯಂಚಿನಲ್ಲಿ ಬಿದ್ದುಕೊಂಡಿವೆ. ಹಿಂದೆ ಬರುತ್ತಿರುವ ಫಕ್ಕೀರಪ್ಪನವರು ಯಾರ ಮುಖವನ್ನೂ ನೋಡುವುದಿಲ್ಲ, ಬರೀ ಪಾದ ನೋಡುತ್ತಾರೆ.

“ಬಾಯಿ ಸುಳ್ಳ ಹೇಳ್ತೈತ್ರಿ, ಕಾಲು ಹೇಳಂಗಿಲ್ಲ” ಎನ್ನುತ್ತಾರೆ. “ಆರಾಮ ಅದೀರೇನ್ರಿ?” ಎಂದು ವಾಡಿಕೆಯಂತೆ ಕೇಳಿದೆ. “ಆ ಮಾತು ಇಲ್ಲಿ ಬ್ಯಾಡ್ರಿ” ಎಂದು ಮುಖ ತಿರುಗಿಸಿದರು.

ಐವತ್ತಮೂರರ ಫಕ್ಕೀರಪ್ಪ ಬಸ್ ನಿಲ್ದಾಣದ ಬಳಿ ಸೈಕಲ್ ರಿಪೇರಿ ಮಾಡುವವರು. ದಿನಕ್ಕೆ ಎಂಟೋ ಹತ್ತೋ ಪಂಕ್ಚರ್. ಭಾನುವಾರ ಮಾತ್ರ ಮೇಷ್ಟ್ರು. ಹಿಮಾಲಯದ ಎತ್ತರದ ದಾರಿಗಳಲ್ಲಿ ಸೈಕಲ್ ತುಳಿಯಲು ಹೊರಟವರಿಗೆ, ಆಸ್ಪತ್ರೆ ಇಲ್ಲದ ಕಡೆ ಜೀವ ಉಳಿಸಿಕೊಳ್ಳುವುದನ್ನು ಕಲಿಸುತ್ತಾರೆ. ಆರು ಭಾನುವಾರದ ಪಾಠ, ಶುಲ್ಕವಿಲ್ಲ.

ನನಗೆ ಅನುಮಾನ ಶುರುವಾದದ್ದೇ ಅಲ್ಲಿ. ಈ ಊರಿನಲ್ಲಿ ಎತ್ತರದ್ದು ಅಂದರೆ ರೈಸ್ ಮಿಲ್ಲಿನ ಚಿಮಣಿ. ಪುಕ್ಕಟೆ ಕೊಡುವವರನ್ನು ಎರಡು ಸಲ ನೋಡುವುದು ನನ್ನ ಹಳೇ ಚಾಳಿ. ಔಷಧಿ ಅಂಗಡಿಯ ಕಮಿಷನ್ ಇರಬಹುದೆಂದು ಹಾನಗಲ್ಲಿನ ನಿವೃತ್ತ ವೈದ್ಯ ವಾದಿರಾಜರನ್ನು ವಿಚಾರಿಸಿದೆ. ಅವರು ನಕ್ಕರು: “ನನಗೂ ಸಂಶಯ ಇತ್ತು. ಒಂದು ಗುಳಿಗಿನೂ ಕೊಡೂದಿಲ್ಲ ಅವ. ಗುಳಿಗಿ ಬೇಕಂದ್ರ ನನ್ನ ಹತ್ರ ಕಳಸ್ತಾನ.” ಊರಿನವರು ಮಾತ್ರ ಇವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ಹನ್ನೊಂದು ವರ್ಷದ ಹಿಂದೆ ಸವಾರರ ತಂಡವೊಂದು ಇವರನ್ನು ಮೆಕ್ಯಾನಿಕ್ ಆಗಿ ಲಡಾಖಿಗೆ ಕರೆದೊಯ್ದಿತ್ತು. ಲೋಹಿತ ಎಂಬ ಸವಾರನಿಗೆ ಒಂದು ಸಂಜೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಬರಲಿಲ್ಲ. ಎಲ್ಲರೂ “ಆರಾಮ?” ಎಂದರು, ಅವನೂ “ಆರಾಮ” ಎಂದ. ಮರುದಿನ ಅವನು ಏಳಲಿಲ್ಲ. “ಪಟ್ಟಿ ನಾನ ಬಿಚ್ಚೀನ್ರಿ. ಏನೋ ತಪ್ಪೈತಿ ಅಂತ ಅನ್ನಿಸಿತ್ತು. ಪಂಕ್ಚರ್ ತಿದ್ದಾಂವ ನಾನು, ದೊಡ್ಡವರ ಮುಂದ ಏನ್ ಹೇಳೂದು ಅಂತ ಸುಮ್ನಾದೆ.” ಆಮೇಲೆ ಮನಾಲಿಗೆ ಹೋಗಿ ಪ್ರಥಮ ಚಿಕಿತ್ಸೆಯ ಹತ್ತು ದಿನದ ತರಬೇತಿ ಪಡೆದರು. ಎರಡನೇ ಸಲಕ್ಕೆ ಪಾಸಾದರು.

ಇವರ ಪಾಠ ಪೂರ್ತಿ ಅನುಮಾನದ್ದೇ. ಎತ್ತರದಲ್ಲಿ ಮಿದುಳಿಗೆ ನೀರು ತುಂಬಿದವನಿಗೆ ತನಗೆ ಕಾಯಿಲೆ ಎಂದು ತಿಳಿಯುವುದಿಲ್ಲ. ಹಾಗಾಗಿ ಜೊತೆಯವನು ಕೇಳಬೇಕು: ಮುಂಜಾನೆ ಏನು ತಿಂದೆ, ಎಷ್ಟು ಸಲ ಉಚ್ಚೆಗೆ ಹೋದೆ. ಆಮೇಲೆ ಗೆರೆಯ ಮೇಲೆ ನಡೆಸಬೇಕು. “ತಲಿನೋವಿದ್ರ ಮ್ಯಾಲ ಏರಬ್ಯಾಡ್ರಿ. ನಡಿಗಿ ತಪ್ಪಿದ್ರ ತಡಾ ಮಾಡದ ಕೆಳಗ ಇಳಸ್ರಿ.”

ಇವರ ಮಗಳು ನೇತ್ರಾ ಶಿಗ್ಗಾವಿಯಲ್ಲಿ ದೈಹಿಕ ಶಿಕ್ಷಕಿ. ಎರಡು ವರ್ಷ ತಯಾರಿ ಮಾಡಿ, ಈಗ ಗೆಳತಿ ವೃಂದಾಳೊಂದಿಗೆ ಲಡಾಖಿನಲ್ಲಿದ್ದಾಳೆ. ದೊಡ್ಡ ಘಾಟನ್ನು ನಾಳೆ ದಾಟಬೇಕು. ನಾವು ಬದುವಿನ ಮೇಲಿರುವಾಗಲೇ ಅವಳ ಫೋನ್ ಬಂತು. “ಆರಾಮ ಅದೀನಪ್ಪಾ” ಎಂದಳು.

ಫಕ್ಕೀರಪ್ಪ ಮಗಳೊಂದಿಗೆ ಮಾತು ಬೆಳೆಸಲಿಲ್ಲ. “ಫೋನ್ ವೃಂದಾನ ಕೈಯಾಗ ಕೊಡು.”

ವೃಂದಾಳ ದನಿ ಸಣ್ಣಗಿತ್ತು: “ನಿನ್ನೆಯಿಂದ ಆಕಿ ಏನೂ ತಿಂದಿಲ್ರಿ ಕಾಕಾ. ಗೆರಿ ಮ್ಯಾಲ ನಡಸಿದೆ, ಎರಡು ಸಲ ಕಾಲು ಹೊರಗ ಬಿತ್ತು. ಇಳಿಯಾಕ ಒಲ್ಲೆ ಅಂತಾಳ.”

“ಒಲ್ಲೆ ಅನ್ನೂದೂ ಅದರಾಗ ಬಂತವ್ವ. ಸೈಕಲ್ ಬಿಡ್ರಿ, ಗಾಡಿಗೆ ಹತ್ತಸು. ಡಾಕ್ಟರ್ ಇರೂ ಕಡೆ ಇಳೀರಿ. ಒಬ್ಬಾಕಿನ್ನ ಬಿಡಬ್ಯಾಡ.”

ಫೋನ್ ಕಿಸೆಗೆ ಹಾಕಿಕೊಂಡರು. ನನ್ನ ಅನುಮಾನಗಳ ಬಗ್ಗೆ ನನಗೇ ನಾಚಿಕೆಯಾಯಿತು. ಪಾಠ ನಿಲ್ಲಲಿಲ್ಲ, ಅವರು ಐದು ಜನರನ್ನೂ ಮತ್ತೊಮ್ಮೆ ನಡೆಸಿದರು.

ಮಧ್ಯಾಹ್ನ ಅಂಗಡಿಯಲ್ಲಿ ಟ್ಯೂಬ್ ಉಜ್ಜುತ್ತಿದ್ದಾಗ ವೃಂದಾಳ ಫೋನ್ ಬಂತು. ಕೆಳಗೆ ತಲುಪಿದ್ದಾರೆ, ಆಕ್ಸಿಜನ್ ಹಾಕಿದ್ದಾರೆ, ಇನ್ನು ಭಯವಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ನೇತ್ರಾ ಮಾತ್ರ ಅಪ್ಪನ ಜೊತೆ ಮಾತಾಡುವುದಿಲ್ಲವಂತೆ.

ಬೇಸರವೇ ಎಂದು ಕೇಳಿದೆ. ಅವರು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು.

“ಎರಡು ವರ್ಷದ ಆಸೆ ಮುರದೇನಿ, ಮಾತು ಬಿಟ್ಟಾಳ. ಬಿಡ್ಲಿ. ಮಾತು ಬಿಡಾಕರ ಆಕಿ ಅದಾಳಲ್ರಿ.”